ಐತಪ್ಪ ಮೇಸ್ತ್ರಿ ಮಲಗಿದ್ದ ಕೋಣೆ

“ನೋಡಿ, ಕುಡಿದು ಸತ್ತ ಐತಪ್ಪ ಮೇಸ್ತ್ರಿ ಮಗ! ಆರನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನು ನನ್ನ ಚಿಮಣಿ ಚೆಕ್ ಮಾಡ್ತಾನಂತೆ,” ಎಂದ ಹೋಂಸ್ಟೇ ಮಾಲೀಕ. ಅತಿಥಿಗಳೆಲ್ಲ ನಕ್ಕರು. ಮೇಲಿನ ಕೋಣೆಯಲ್ಲಿ ಮಲಗಿದವರಿಗೆ ತಲೆನೋವು ಬರುತ್ತಿದೆಯೆಂದು ಹುಡುಗನನ್ನು ಕರೆಸಿದ್ದವನೂ ಅವನೇ.

ಹುಡುಗ ಹಲ್ಲು ಕಚ್ಚಿಕೊಂಡ. ಚಿಮಣಿ ಕಟ್ಟಿದ ಮೇಸ್ತ್ರಿ ಮೊದಲ ಬೆಂಕಿ ಹಾಕಿ, ಅದರ ಮೇಲಿನ ಕೋಣೆಯಲ್ಲಿ ಒಂದು ರಾತ್ರಿ ಮಲಗಿ ತೋರಿಸುವುದು ಅಲ್ಲಿನ ಪದ್ಧತಿ. ಈ ಚಿಮಣಿ ಕಟ್ಟಿದ ಅಪ್ಪನೂ ಹಾಗೆಯೇ ಮಲಗಿದ್ದ; ಬೆಳಿಗ್ಗೆ ಏಳಲಿಲ್ಲ. ಮಂಚದ ಕೆಳಗೆ ಸಾರಾಯಿ ಬಾಟಲಿ ಸಿಕ್ಕಿತ್ತು. ಊರಿಗೆ ಅಷ್ಟೇ ಸಾಕಾಯಿತು.

ಹುಡುಗ ಕೆಳಗಿನ ಒಲೆಯಲ್ಲಿ, ದಟ್ಟ ಹೊಗೆ ಏಳಲೆಂದು ಹಸಿ ಹುಲ್ಲಿಗೆ ಬೆಂಕಿ ಹಚ್ಚಿ ಮೇಲೆ ಹೋದ. ಮಂಚ ಸರಿಸಿ, ಅಪ್ಪನ ಗಾರೆ ಕರಣೆಯಿಂದ ಗೋಡೆಯ ಹಲಗೆ ಕಿತ್ತ. ಗಾರೆ ತುಂಬದೆ ಬಿಟ್ಟಿದ್ದ ಇಟ್ಟಿಗೆಯ ಸಂದಿಯಿಂದ, ತಲೆದಿಂಬು ಇರುವ ಜಾಗಕ್ಕೇ ಹೊಗೆ ನುಗ್ಗಿತು.

ದಡದಡನೆ ಇಳಿದು ಬಂದು ಬೆಂಕಿಗೆ ಬಕೆಟ್ ನೀರು ಸುರಿದ.

“ಇನ್ನು ಇಲ್ಲಿ ಬೆಂಕಿ ಹಾಕ್ಬೇಡಿ ಸಾಹುಕಾರ್ರೆ. ಮೇಲೆ ಗೋಡೆ ಸಂದೀಲಿ ಹೊಗೆ ಬರ್ತದೆ, ಮಲಗಿದವ್ರು ಏಳಲ್ಲ. ನಮ್ಮಪ್ಪ ಕುಡಿದು ಸತ್ತಿದ್ದಲ್ಲ!”

ಈ ಸಲ ಯಾರೂ ನಗಲಿಲ್ಲ.

“ಹೌದಾ? ಹಾಗಾದ್ರೆ ಆ ಸಂದಿ ಬಿಟ್ಟಿದ್ದು ಯಾರೋ?” ಎಂದ ಮಾಲೀಕ.

ಹುಡುಗ ಅಪ್ಪನ ಕರಣೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದ.