ಕಚ್ಚಾ ಹೊಲಿಗೆ

"ಅಪ್ಪಾ, ಇಷ್ಟು ಸಡಿಲವಾಗಿ ಹೊಲಿದ್ರೆ ಒಂದೇ ಒಗೆತಕ್ಕೆ ಕಿತ್ಕೊಂಡು ಬರುತ್ತೆ," ಎಂದಳು ಮಗಳು.

ಮುದುಕ ದರ್ಜಿ ಕೈ ನಿಲ್ಲಿಸಲಿಲ್ಲ. ‘17’ ಎಂದು ಬರೆದ ಪಟ್ಟಿಯನ್ನು ಅಂಗಿಯ ಕಾಲರಿನೊಳಗಿಟ್ಟು ಉದ್ದುದ್ದ ಕಚ್ಚಾ ಹೊಲಿಗೆ ಹಾಕುತ್ತಿದ್ದ. ನಾಳೆ ತಾನು ಹೋಗಲಿರುವ ವೃದ್ಧಾಶ್ರಮದಲ್ಲಿ ಎಲ್ಲರ ಬಟ್ಟೆಯನ್ನೂ ಒಟ್ಟಿಗೆ ಒಗೆಯುತ್ತಾರಂತೆ. ಕೋಣೆಯ ನಂಬರು ಇರಲೇಬೇಕಂತೆ. "ನಲವತ್ತು ವರ್ಷ ಊರಿಗೆಲ್ಲ ಹೊಲಿದವನಿಗೆ ಹೊಲಿಗೆ ಕಲಿಸ್ತೀಯೇನೇ? ಮನೆಗೆ ಬಣ್ಣ ಹೊಡೆಸೋಕೆ ಹದಿನೈದೇ ದಿನ ಅಂದೆಯಲ್ಲ. ಹದಿನಾರನೇ ದಿನ ದಾರದ ತುದಿ ಹಿಡಿದು ಎಳೆದ್ರೆ ಸರ್‍ರಂತ ಬಿಚ್ಕೋಬೇಕು."

ಮಗಳು ನಗಲಿಲ್ಲ. ಮಡಿಲಲ್ಲಿದ್ದ ರಾಶಿಯಿಂದ ಒಂದೊಂದೇ ಬಟ್ಟೆ ಎತ್ತಿ ಕೊಡುತ್ತಾ ಹೋದಳು: ಎರಡು ಪ್ಯಾಂಟು, ಪೈಜಾಮ, ಟವೆಲು. ಫ್ಯಾನು ತಿರುಗುತ್ತಿದ್ದರೂ ಬೇಸಿಗೆಯ ಸೆಕೆಗೆ ಅವನ ಕತ್ತಿನಿಂದ ಬೆವರಿಳಿಯುತ್ತಿತ್ತು. ಮುಂದಿನದಕ್ಕೆ ಕೈ ಚಾಚಿದ. ಅಂಗೈಗೆ ಉಣ್ಣೆ ತಗುಲಿತು. ಅವನ ದಪ್ಪ ಸ್ವೆಟರು. ಇಬ್ಬರೂ ಅದನ್ನೇ ನೋಡಿದರು. ಮಗಳು ವಾಪಸು ಎಳೆದುಕೊಳ್ಳಲು ಕೈ ಮುಂದೆ ತಂದಳು, ಎಳೆದುಕೊಳ್ಳಲಿಲ್ಲ. "ಅದೂ... ಇರ್ಲಿ ಅಂತ," ಎಂದಳು, ತಲೆ ಎತ್ತದೆ.

ದರ್ಜಿ ಸೂಜಿಯನ್ನು ತನ್ನ ಅಂಗಿಯ ಎದೆಗೆ ಚುಚ್ಚಿಟ್ಟ. ಹೊಲಿದಿಟ್ಟಿದ್ದ ಮೊದಲ ಅಂಗಿಯನ್ನು ಎತ್ತಿಕೊಂಡು ದಾರದ ತುದಿ ಹಿಡಿದು ಎಳೆದ. ಪಟ್ಟಿ ಸಲೀಸಾಗಿ ಕಳಚಿ ಬಂತು.

"ಮಷಿನ್ ಮುಚ್ಚಳ ತೆಗಿ," ಎಂದ. "ಕಚ್ಚಾ ಹೊಲಿಗೆ ಚಳಿಗಾಲದ ತನಕ ತಡೆಯಲ್ಲ."