ಗೆದ್ದವನ ಊಟ

"ಅಂವ ಅಲ್ಲೋ ಕೊಂದಾಂವ, ಬಿಡ್ರೋ ಅವನ್ನ" ಎನ್ನುತ್ತ ಮಲ್ಲವ್ವ ಕುರ್ಚಿಯಿಂದ ಎದ್ದೇ ನಿಂತರು. ಪರದೆಯ ಮೇಲೆ ಕೌಬಾಯ್‌ಗಳ ಗುಂಪೊಂದು ತಪ್ಪು ಮನುಷ್ಯನ ಕೊರಳಿಗೆ ಹಗ್ಗ ಹಾಕುತ್ತಿತ್ತು. ನೂರು ವರ್ಷದ ಹಿಂದಿನ ಮೂಕಿ ಚಿತ್ರ. ಮೆಲ್ಬರ್ನ್‌ನ ಆ ಪುಟ್ಟ ಹಾಲ್‌ನಲ್ಲಿ ಮಾತೆಂದರೆ ಅವರದೊಂದೇ. ಮೊಮ್ಮಗಳು ಮಹಾಶ್ವೇತಾ ಸೆರಗು ಜಗ್ಗಿ ಕೂರಿಸಿದಳು.

"ಈ ಊರಾಗ ಕೋರ್ಟು ಕಚೇರಿ ಇಲ್ಲೇನ?"

"ಇನ್ನೂ ಬಂದಿಲ್ಲಜ್ಜಿ. ಯಾರ ಕೈಯಾಗ ಬಂದೂಕ ಐತಿ, ಅವಂದ ನ್ಯಾಯ."

"ಹಂಗಾರ ನಿಮ್ಮಪ್ಪನ ಮನಿ ಇದ್ದಂಗ ಅನ್ನು."

ಮಹಾಶ್ವೇತಾ ನಕ್ಕು ಪಿಯಾನೊದತ್ತ ಕಣ್ಣು ಹಾಯಿಸಿದಳು. ಪರದೆಯ ಪಕ್ಕ ಕುಳಿತು ಚಿತ್ರಕ್ಕೆ ಪಿಯಾನೊ ನುಡಿಸುತ್ತಿದ್ದವನು ಆಲ್ರಾಯ್. ಮದುವೆಯಾದರೆ ಅವನನ್ನೇ ಎಂದು ಅವಳು ಮನೆಯಲ್ಲಿ ಹೇಳಿದ್ದಳು. ಮಂಗಳೂರಿನ ಕ್ರಿಶ್ಚಿಯನ್ ಹುಡುಗ ಎಂದು ಕೇಳಿದ್ದೇ ಸಾಕು, ಸಿಡ್ನಿಯಲ್ಲಿದ್ದ ಅಪ್ಪ ಶಂಭುಲಿಂಗ ಮುಖ ಕೂಡ ನೋಡದೆ ಬೇಡವೆಂದು ತೀರ್ಪು ಕೊಟ್ಟುಬಿಟ್ಟಿದ್ದ. ಅದನ್ನು ತಿರುಗಿಸುವ ತಾಕತ್ತು ಯಾರಿಗಾದರೂ ಇದ್ದರೆ ಧಾರವಾಡದಿಂದ ಬಂದಿರುವ ಅವನ ತಾಯಿ ಮಲ್ಲವ್ವನಿಗೆ ಮಾತ್ರ. ಊರು ತೋರಿಸುವ ನೆಪ ಹೇಳಿ ಮಹಾಶ್ವೇತಾ ಅಜ್ಜಿಯನ್ನು ವಿಮಾನ ಹತ್ತಿಸಿಕೊಂಡು ಬಂದಿದ್ದಳು.

ಪರದೆಯ ಮೇಲೆ ನಾಯಕ ತನ್ನ ತಮ್ಮನನ್ನು ಹಾಗೆ ನೇಣಿಗೆ ಹಾಕಿದವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಹೊಡೆಯುತ್ತ ಬಂದ. ಆಲ್ರಾಯ್‌ನ ಬೆರಳುಗಳು ಕುದುರೆಯ ಜೊತೆಗೇ ಓಡಿದವು. ಕೊನೆಯವನೂ ಧೂಳಿಗೆ ಬಿದ್ದಾಗ ಜನ ಚಪ್ಪಾಳೆ ತಟ್ಟಿದರು. ನಾಯಕ ಪಿಸ್ತೂಲು ಒರೆಸಿಕೊಂಡು ಕುದುರೆ ಹತ್ತಿದ, ಬಯಲಿನಲ್ಲಿ ಸಣ್ಣದಾಗುತ್ತ ಚುಕ್ಕೆಯಾದ.

"ಮುಂದ?" ಎಂದರು ಮಲ್ಲವ್ವ.

"ಮುಗೀತಜ್ಜಿ."

"ಹಸಕೊಂಡ ಹೋದ್ನಲ್ಲ ಪಾಪ. ಅಷ್ಟ ದೊಡ್ಡ ಊರಾಗ ಒಬ್ಬರರೆ ಉಣ್ಣಾಕ ಕರೀಲಿಲ್ಲ?"

ದೀಪ ಹತ್ತಿತು. ಆಲ್ರಾಯ್ ಬೆರಳು ನೀವಿಕೊಳ್ಳುತ್ತ ಬಂದು ಕೈಮುಗಿದ.

"ಇಂವ ಆಲ್ರಾಯ್ ಅಂತ. ನನ್ನ ಫ್ರೆಂಡು" ಎಂದಳು ಮಹಾಶ್ವೇತಾ.

"ಫ್ರೆಂಡಂತ ಫ್ರೆಂಡು. ಈ ಮಾರಿ ನಾ ಧಾರವಾಡದಾಗ ಕುಂತ ಫೋನಿನಾಗ ನೋಡೇನಿ." ಅವನನ್ನು ಮೇಲಿನಿಂದ ಕೆಳಗಿನವರೆಗೆ ಅಳೆದರು. "ಏನಪಾ, ಇವತ್ತ ನಿಮ್ಮ ಮನ್ಯಾಗ ಏನ ಅಡಿಗಿ?"

ಸಾರು ಅನ್ನು, ಪಲ್ಯ ಅನ್ನು ಎಂದು ಮಹಾಶ್ವೇತಾ ಅಜ್ಜಿಯ ಬೆನ್ನ ಹಿಂದಿನಿಂದ ಕಣ್ಣಲ್ಲೇ ಬೇಡಿಕೊಂಡಳು. ಅಜ್ಜಿ ಜನ್ಮದಲ್ಲಿ ಮೊಟ್ಟೆ ಮುಟ್ಟಿದವರಲ್ಲ.

"ಬಂಗುಡೆ ಮೀನಿನ ಗಸಿ ಅಜ್ಜಿ. ಮಮ್ಮಿ ಮಾಡಿದ್ದು. ಬೇರೆ ಎಂತದ್ದೂ ಮಾಡ್ಲಿಲ್ಲ."

ಮಹಾಶ್ವೇತಾ ಕಣ್ಣು ಮುಚ್ಚಿಕೊಂಡಳು. ಅಷ್ಟರಲ್ಲಿ ಮಲ್ಲವ್ವನ ಫೋನು ಹೊಡೆದುಕೊಂಡಿತು.

"ಅವ್ವಾ, ಎಲ್ಲಿದ್ದಿ? ಅಕಿ ನಿನ್ನ ಆ ಹುಡುಗನ ಹತ್ರ ಕರಕೊಂಡ ಹೋಗ್ಯಾಳ ಹೌದಲ್ಲ? ಈಗ ಹೇಳಾಕತ್ತೇನಿ ಕೇಳು, ನಾ ಇರೂತನಕ ಈ ಲಗ್ನ..." ಶಂಭುಲಿಂಗನ ದನಿ ಮೂವರಿಗೂ ಕೇಳುತ್ತಿತ್ತು.

"ಆತಪಾ, ನೀನ ಗೆದ್ದಿ. ಉಂಡಿ?"

ಅವನಿಗೆ ಅದು ಕೇಳಿಸಲಿಲ್ಲ. ಮಾತು ಮುಂದುವರಿಸಿದ. ಮಲ್ಲವ್ವ ಫೋನನ್ನು ಆರಿಸದೆ, ಹಾಗೇ ಮೆಲ್ಲಗೆ ಚೀಲಕ್ಕೆ ಇಳಿಬಿಟ್ಟರು.

"ಮಸರರೆ ಐತಿಲ್ಲೋ ನಿಮ್ಮ ಮನ್ಯಾಗ?"

"ಉಂಟು ಅಜ್ಜಿ."

"ಅಷ್ಟ ಸಾಕು. ನಡಿ, ಹಸಿವ್ಯಾಗೇತಿ."

ಟ್ರಾಮ್ ಸ್ಟಾಪಿನವರೆಗೂ ಚೀಲದೊಳಗಿಂದ ಶಂಭುಲಿಂಗನ ತೀರ್ಪು ಕೇಳಿಸುತ್ತಲೇ ಇತ್ತು.