ಹಸಿರು ಗಂಟಿನ ಹಗ್ಗ

ವಿಡಿಯೊದಿಂದ ಅಳಿಸಿದ್ದು ಲೋಕದಿಂದಲೂ ಮಾಯವಾಗುವ ಕಾಲವದು. ಸ್ಟಂಟಿನ ಹಗ್ಗ ತೆರೆಯ ಮೇಲೆ ಕಾಣದಂತೆ ಅಳಿಸಲೇಬೇಕು, ಹಾಗಾಗಿ ಶೂಟಿಂಗಿನಲ್ಲಿ ಪ್ರತಿ ಟೇಕಿಗೂ ಹೊಸ ಹಗ್ಗ.

ಎಡಿಟರ್ ಮಂಜರಿ ಮೊದಲ ಟೇಕಿನ ಹಸಿರು ಗಂಟಿನ ಹಗ್ಗವನ್ನು ಅಳಿಸಲು ಹಾಕಿ, ನೇರಪ್ರಸಾರದ ಪರದೆಯತ್ತ ತಿರುಗಿದಳು. ಸ್ಟಂಟಿನ ಜಬ್ಬಾರಣ್ಣ ಆರನೇ ಮಹಡಿಯಿಂದ ಮತ್ತೆ ನೇತಾಡುತ್ತಿದ್ದರು, ಅದೇ ಹಸಿರು ಗಂಟಿನ ಹಗ್ಗದಲ್ಲಿ.

ಅಳಿಸಲು ಹಾಕಿದ್ದನ್ನು ನಿಲ್ಲಿಸುವಂತಿಲ್ಲ; ಉದ್ದದ ಹಗ್ಗ ಪೂರ್ತಿ ಅಳಿಯಲು ಇನ್ನು ಕೆಲವೇ ನಿಮಿಷ. ನಿರ್ದೇಶಕರಿಗೆ ಫೋನ್ ಮಾಡಿದಳು.

"ಸರ್, ಅವ್ರನ್ನ ಇಳಿಸಿ, ಹಗ್ಗ..."

"ಶಾಟ್ ನಡೀತಿದೆ ಕಣಮ್ಮ, ಆಮೇಲೆ," ಎಂದು ಇಟ್ಟೇಬಿಟ್ಟರು.

ಮೊದಲ ಟೇಕಿನ ದೃಶ್ಯದಲ್ಲಿ, ಮೂಲೆಯ ಕಿಟಕಿಗಾಜಿನಲ್ಲಿ ಶೂಟಿಂಗಿನ ಕ್ಯಾಮೆರಾ ಪ್ರತಿಬಿಂಬವಾಗಿ ಕಾಣುತ್ತಿತ್ತು. ಚಿಕ್ಕದು, ಮಂಜರಿ ಅದನ್ನು ಒಂದೇ ಸಲಕ್ಕೆ ಅಳಿಸಿದಳು. ನೇರಪ್ರಸಾರ ಕಪ್ಪಾಯಿತು.

ಹಗ್ಗ ಪೂರ್ತಿ ಅಳಿಯಿತೆಂದು ಯಂತ್ರ ತೋರಿಸಿದಾಗ, ಜಬ್ಬಾರಣ್ಣನಿಗೆ ಫೋನ್ ಮಾಡಿದಳು. ಬಹಳ ಹೊತ್ತು ರಿಂಗಾಯಿತು.

"ಕ್ಯಾಮೆರಾ ಕಾಣೆ ಆಯ್ತು ಅಂತ ನನ್ನ ಇಳಿಸ್ಬಿಟ್ರಮ್ಮ," ಎಂದರು ಅವರು. "ಈಗ ನೋಡಿದ್ರೆ ಸೊಂಟದಲ್ಲಿದ್ದ ಹಗ್ಗಾನೂ ಇಲ್ಲ."